ಏರಿಯ ಕೆಳಗಿನ ಲೈನ್‌ಮನೆ

ಫೆಬ್ರವರಿ ಕೊನೆಗೆ ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆ ಯಾವ ಒಳರಸ್ತೆ ಹಿಡಿದು ಹೋದರೂ ಪಂಪಿನ ಸದ್ದು ಕೇಳಿಸುತ್ತದೆ. ರೊಬಸ್ಟಾ ಕಾಫಿ ಗಿಡದ ಮೊಗ್ಗು ಹೂವಾಗಬೇಕಾದರೆ ಆ ಹೊತ್ತಿಗೆ ಒಂದು, ಒಂದೂವರೆ ಇಂಚು ಮಳೆ ಬೇಕು. ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕಿ ನಾವೇ ಸುರಿಸಬೇಕು. ಹೂ ಕಟ್ಟಿದ ಮೂರು ವಾರಕ್ಕೆ ಇನ್ನೊಂದು ಇಂಚು. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು ಒಂದು ಲಕ್ಷ ಲೀಟರ್. ಐವತ್ತು ಎಕರೆ ತೋಟಕ್ಕೆ ಎರಡು ಸುತ್ತಿನಲ್ಲಿ ಎರಡೂವರೆ ಇಂಚು ಕೊಡಬೇಕೆಂದರೆ ಒಂದೂಕಾಲು ಕೋಟಿ ಲೀಟರ್. ಅಷ್ಟು ನೀರು ಹಿಡಿಯಲು ಒಂದು ಎಕರೆ ಅಗಲದ, ಸರಾಸರಿ ಹತ್ತು ಅಡಿ ಆಳದ ಕೆರೆ ಸಾಕು.

ಅಂಥ ಕೆರೆ ಮಾಡಿಕೊಳ್ಳುವುದೂ ಕಷ್ಟವಲ್ಲ. ಕೆಲಸಕ್ಕೆ ಜನ ಸಿಗದೆ, ಭತ್ತ ಗಿಟ್ಟದೆ ಪಾಳುಬಿದ್ದ ಗದ್ದೆಯೊಂದು ತೋಟದ ತಗ್ಗಿನಲ್ಲಿ ಇದ್ದೇ ಇರುತ್ತದೆ. ಎರಡು ಗುಡ್ಡಗಳು ಹತ್ತಿರ ಬರುವ ಕಡೆ ಹಿಟಾಚಿ ತಂದು, ಗದ್ದೆಯ ಮಣ್ಣನ್ನೇ ಬಗೆದು ಅಡ್ಡಕ್ಕೆ ಏರಿಸಿದರೆ ಕೆಲವೇ ದಿನಗಳಲ್ಲಿ ಏರಿ ಸಿದ್ಧ. ಮೊದಲ ಮಳೆಗಾಲಕ್ಕೆ ಕೆರೆ ತುಂಬುತ್ತದೆ, ಮುಂದಿನ ಮಾರ್ಚಿಗೆ ತೋಟ ಬೆಳ್ಳಗೆ ಅರಳುತ್ತದೆ. ಇದನ್ನು ಯಾರೂ ಅಣೆಕಟ್ಟು ಎನ್ನುವುದಿಲ್ಲ. ಅಣೆಕಟ್ಟೆಂದರೆ ಹಾರಂಗಿ, ಹೇಮಾವತಿ. ಇದು ಬರೀ 'ತೋಟದ ಕೆರೆ'.

ಎಂಜಿನಿಯರಿಂಗ್ ದೃಷ್ಟಿಯಿಂದ ನೋಡಿದರೆ ಇದೂ ಅಣೆಕಟ್ಟೇ. ಹದಿನಾರು, ಹದಿನೆಂಟು ಅಡಿ ಎತ್ತರದ ಮಣ್ಣಿನ ಏರಿ, ಅದರ ಬೆನ್ನಿಗೆ 12,500 ಟನ್ ನೀರು. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್ ಲಾರಿಯಲ್ಲಿ ತುಂಬಿದರೆ ಸಾವಿರಕ್ಕೂ ಮೇಲೆ ಲೋಡು. ಏರಿ ಬಾಯಿಬಿಟ್ಟು ಹತ್ತು ನಿಮಿಷದಲ್ಲಿ ಕೆರೆ ಬರಿದಾಯಿತು ಎಂದುಕೊಳ್ಳಿ: ಸೆಕೆಂಡಿಗೆ ಸರಾಸರಿ ಇಪ್ಪತ್ತು ಟನ್ ನೀರು, ಅದರ ಜೊತೆ ಏರಿಯ ಮಣ್ಣು, ಮರ, ಕಲ್ಲು. ಆ ನೀರು ಹೋಗುವ ದಾರಿಯಲ್ಲಿ, ಕೊಲ್ಲಿಯ ಅಂದರೆ ತೊರೆಯ ಪಕ್ಕದಲ್ಲಿ, ನೀರಿಗೆ ಅನುಕೂಲವೆಂದು ಎಷ್ಟೋ ತೋಟಗಳಲ್ಲಿ ಕಟ್ಟಿರುವುದು ಕಾರ್ಮಿಕರ ಲೈನ್‌ಮನೆ. ಧಣಿಯ ಬಂಗಲೆ ಗುಡ್ಡದ ಮೇಲಿರುತ್ತದೆ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2018ರ ಮೇ 9ರ ರಾತ್ರಿ ಕೆನ್ಯಾದ ನಕುರು ಕೌಂಟಿಯ ಸೊಲಾಯ್‌ನಲ್ಲಿ ಒಡೆದದ್ದು ಇಂಥದೇ ಒಂದು ಖಾಸಗಿ ಮಣ್ಣಿನ ಕಟ್ಟೆ. ಊರವರು ಅದನ್ನು ಪಟೇಲ್ ಡ್ಯಾಂ ಎನ್ನುತ್ತಿದ್ದರು. ಮಾಲೀಕರು ಭಾರತೀಯ ಮೂಲದವರು, ಎಸ್ಟೇಟಿನ ಹೆಸರಿನಲ್ಲೇ 'ಕಾಫಿ' ಇತ್ತು. ಗುಡ್ಡದ ಮೇಲಿನ ದೊಡ್ಡ ತೋಟ, ತೋಟದೊಳಗೆ ಒಂದಲ್ಲ ಹಲವು ಕಟ್ಟೆಗಳು, ಕೆಳಗೆ ಬಡವರ ಊರು. ವಾರಗಟ್ಟಲೆ ಸುರಿದ ಮಳೆಯ ಕೊನೆಗೆ, ಜನ ಉಂಡು ಮಲಗುವ ಹೊತ್ತಿಗೆ ಏರಿ ಹೋಯಿತು. ಸತ್ತವರು ಕನಿಷ್ಠ 47 ಮಂದಿ, ಅವರಲ್ಲಿ ಅನೇಕರು ಮಕ್ಕಳು. ಕಟ್ಟೆಗಳಿಗೆ ಪರವಾನಗಿಯೇ ಇರಲಿಲ್ಲವೆಂದು ಅಲ್ಲಿನ ಅಧಿಕಾರಿಗಳು ಹೇಳಿದ್ದು ಆಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಅಧಿಕಾರಿಗಳು ಎಲ್ಲ ದೇಶದಲ್ಲೂ ಇದ್ದಾರೆ.

ನಮ್ಮ ತೋಟದ ಕೆರೆಗಳೆಲ್ಲ ಒಡೆದೇಹೋಗುತ್ತವೆ ಎಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ಕಟ್ಟಿ ನೋಡಿಕೊಂಡ ಮಣ್ಣಿನ ಏರಿ ನೂರಾರು ವರ್ಷ ಬಾಳಬಲ್ಲದು. ಹಳೇ ಮೈಸೂರಿನ ಕೆರೆಗಳೇ ಸಾಕ್ಷಿ. ನನ್ನ ತಕರಾರು ಬೇರೆ. ಕಾಂಕ್ರೀಟಿನ ಗೋಡೆಯ ಹಾಗೆ ಏರಿಯನ್ನು ಕಟ್ಟಿ ಮರೆತುಬಿಡುವಂತಿಲ್ಲ. ಅದನ್ನು ಸಾಕಬೇಕು. ಇವತ್ತು ಏರಿ ಕಟ್ಟಲು ಯಂತ್ರವಿದೆ, ಸಾಲವಿದೆ, ಸಹಾಯಧನವಿದೆ. ಸಾಕುವ ಕೆಲಸಕ್ಕೆ ಮಾತ್ರ ಹಣವಿಲ್ಲ, ಆಳಿಲ್ಲ, ಕಾನೂನೂ ಇಲ್ಲ.

ಮಣ್ಣಿನ ಏರಿಯೊಳಗೆ ನೀರು ಸದಾ ಚಲಿಸುತ್ತಲೇ ಇರುತ್ತದೆ. ಕೆರೆಯ ಕಡೆಯಿಂದ ಒಳಹೊಕ್ಕು, ಮಣ್ಣಿನ ಕಣಗಳ ಸಂದಿಯಲ್ಲಿ ಹಾದು, ಹೊರಗಿನ ಬುಡದಲ್ಲಿ ಜಿನುಗುತ್ತದೆ. ಜಿನುಗುವುದೇ ತಪ್ಪಲ್ಲ, ಜಿನುಗುವ ನೀರು ತನ್ನೊಂದಿಗೆ ಮಣ್ಣು ತರುತ್ತಿದೆಯೇ ಎಂಬುದು ಮುಖ್ಯ. ಏರಿಯ ಬುಡದಲ್ಲಿ ಬರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ತಿಳಿಯಾಗಿದ್ದು, ವರ್ಷದಿಂದ ವರ್ಷಕ್ಕೆ ಅಷ್ಟೇ ಇದ್ದರೆ ನಿಗಾ ಇಟ್ಟರೆ ಸಾಕು. ಕೆಂಪಗೆ ಕದಡಿದ್ದರೆ ಏರಿ ಒಳಗಿನಿಂದ ಖಾಲಿಯಾಗುತ್ತಿದೆ ಎಂದರ್ಥ. ಒಂದೊಂದೇ ಕಣ ಹೋಗಿ ಸಣ್ಣ ಬಿಲವಾಗುತ್ತದೆ, ಬಿಲ ಕೆರೆಯ ಕಡೆಗೆ ಹಿಮ್ಮುಖವಾಗಿ ಬೆಳೆಯುತ್ತದೆ, ಕೆರೆಯ ನೀರನ್ನು ಮುಟ್ಟಿದ ದಿನ ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿಯುತ್ತದೆ. ಮೇಲಿನಿಂದ ನೋಡಿದರೆ ಹಿಂದಿನ ದಿನದವರೆಗೂ ಹುಲ್ಲು ಹಸಿರಾಗಿಯೇ ಇರುತ್ತದೆ.

ಇದು ಹೊಸ ಜ್ಞಾನವಲ್ಲ. ಕಡಪ ಜಿಲ್ಲೆಯ ಪೊರುಮಾಮಿಳ್ಳದ ಕೆರೆಯನ್ನು ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರ ಕಟ್ಟಿಸಿದ. ಅಲ್ಲಿನ 1369ರ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗಿರಬಾರದ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಏರಿಯಿಂದ ನೀರು ಒಸರುವುದು ಆ ಆರು ದೋಷಗಳಲ್ಲೊಂದು. ಆ ಕೆಲಸಕ್ಕೆ ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಹಿಡಿಯಿತೆಂದೂ ಶಾಸನ ಹೇಳುತ್ತದೆ. ಅದು ನಮ್ಮ ತೋಟದ ಕೆರೆಗಿಂತ ಎಷ್ಟೋ ಪಾಲು ದೊಡ್ಡದು, ನಿಜ. ಆದರೂ ಎರಡು ವರ್ಷವೆಂದರೆ ಏರಿಗೆ ಪದರ ಪದರವಾಗಿ ಕೂರಲು ಸಮಯ ಸಿಕ್ಕಿತ್ತು ಎಂದಲ್ಲವೇ? ಮಣ್ಣನ್ನು ತೆಳುವಾಗಿ ಹರಡಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡಿ, ಅದರ ಮೇಲೆ ಮುಂದಿನ ಪದರ: ಏರಿ ಕಟ್ಟುವ ಕ್ರಮವೇ ಇದು. ಹಿಟಾಚಿಯ ಬಕೆಟ್ಟಿನಿಂದ ಗುಡ್ಡೆ ಗುಡ್ಡೆಯಾಗಿ ಸುರಿದು, ಅದೇ ಬಕೆಟ್ಟಿನಿಂದ ನಾಲ್ಕು ಪೆಟ್ಟು ಕೊಟ್ಟ ಏರಿಯ ಒಳಗೆ ಗಾಳಿ ತುಂಬಿದ ಟೊಳ್ಳು ಉಳಿದೇ ಉಳಿಯುತ್ತದೆ. ಮಳೆಗಾಲದಲ್ಲಿ ನೆನೆದಾಗ ಆ ಟೊಳ್ಳು ಕುಸಿದು, ಏರಿಯ ನೆತ್ತಿ ನಡುವೆ ಅರ್ಧ ಅಡಿ, ಒಂದು ಅಡಿ ತಗ್ಗುತ್ತದೆ. ನೀರು ಹಾರುವುದಿದ್ದರೆ ಅಲ್ಲಿಂದಲೇ ಹಾರುತ್ತದೆ.

ಮಣ್ಣಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಕರಾವಳಿ ಮತ್ತು ಘಟ್ಟದ ಸೀಮೆಯಲ್ಲಿ ಮೇಲಿನ ಕೆಂಪುಮಣ್ಣಿನ ಅಡಿಗೆ ಬಿಳಿಯೋ ಗುಲಾಬಿಯೋ ಬಣ್ಣದ ಶೇಡಿ ಮಣ್ಣು ಸಿಗುತ್ತದೆ. ಒಣಗಿದ್ದಾಗ ಸುಣ್ಣದ ಗಡ್ಡೆಯಷ್ಟು ಗಟ್ಟಿ, ನೆನೆದರೆ ಬೆಣ್ಣೆ. ಕೆರೆ ಆಳವಾಗಲೆಂದು ಬಗೆಯುತ್ತಾ ಹೋದ ಯಂತ್ರ ಕೊನೆಗೆ ಈ ಶೇಡಿಯನ್ನೇ ಎತ್ತಿ ಏರಿಯ ಮೇಲೆ ಸುರಿಯುವುದುಂಟು. ಅಂದರೆ ಎಲ್ಲಕ್ಕಿಂತ ಕೆಟ್ಟ ಮಣ್ಣು ಎಲ್ಲಕ್ಕಿಂತ ಮೇಲೆ! ಡ್ರೈವರಿಗೆ ಗಂಟೆಯ ಲೆಕ್ಕದ ಬಾಡಿಗೆ. ಯಾವ ಮಣ್ಣು ಎಲ್ಲಿಗೆ ಎಂದು ಹೇಳುವವರು ಪಕ್ಕದಲ್ಲಿ ನಿಂತಿರಬೇಕಾದದ್ದು ಧಣಿಯ ಕೆಲಸ.

ಇನ್ನು ಕೋಡಿಯ ವಿಚಾರ. ಏರಿಗಿಂತ ಕೋಡಿಯ ಬಗ್ಗೆಯೇ ಹೆಚ್ಚು ಹೇಳಬೇಕು, ಏಕೆಂದರೆ ಮಣ್ಣಿನ ಏರಿಗಳನ್ನು ಕೊಲ್ಲುವುದು ಎಷ್ಟೋ ಸಲ ಕೋಡಿಯ ದೋಷ. ಕಾಂಕ್ರೀಟಿನ ಮೇಲೆ ನೀರು ಹಾರಿದರೆ ಒಮ್ಮೊಮ್ಮೆ ಏನೂ ಆಗದು. ಮಣ್ಣಿನ ಏರಿಯ ಮೇಲೆ ಹಾರಿದರೆ ಬೆನ್ನು ಕೊರೆದುಕೊಂಡು ಹೋಗುತ್ತದೆ. ಸಣ್ಣದೊಂದು ಲೆಕ್ಕ ಹಾಕಿ ನೋಡೋಣ. ಕೆರೆ ಒಂದು ಎಕರೆ, ಅದಕ್ಕೆ ನೀರಿಳಿಯುವ ಗುಡ್ಡದ ಇಳಿಜಾರು ನಲವತ್ತು ಎಕರೆ. ಜುಲೈ ತಿಂಗಳಲ್ಲಿ ನೆಲ ನೆನೆದು ತುಂಬಿರುವಾಗ ಒಂದು ಜಾವದಲ್ಲಿ 50 ಮಿಲಿಮೀಟರ್ ಮಳೆ ಸುರಿಯಿತು. ಬಿದ್ದ ನೀರಿನಲ್ಲಿ ಅರ್ಧ ಹರಿದು ಬಂದರೂ ಕೆರೆಯ ಮಟ್ಟ ಒಂದು ಮೀಟರ್, ಅಂದರೆ ಮೂರು ಅಡಿಗೂ ಮೇಲೆ, ಏರಬೇಕು. ಕೋಡಿಯಿಂದ ಹೊರಹೋಗದೆ ಅದಕ್ಕೆ ಬೇರೆ ದಾರಿಯಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಅಂಥ ಮಳೆ ಅಪರೂಪವೂ ಅಲ್ಲ. ಆದರೂ ಎಷ್ಟೋ ಕೆರೆಗಳಿಗೆ ಕೋಡಿಯೆಂದರೆ ಏರಿಯ ಮೂಲೆಯಲ್ಲಿ ಹೂತ ಒಂದು ಸಿಮೆಂಟ್ ಪೈಪು. ಒಂದು ಒಣಗಿದ ಬಾಳೆಗಿಡ ತೇಲಿಬಂದು ಬಾಯಿಗೆ ಸಿಕ್ಕಿಕೊಂಡರೆ ಅದೂ ಇಲ್ಲ.

ಇರುವ ಕೋಡಿಯನ್ನು ಕೆಡಿಸುವುದರಲ್ಲಿ ಮನುಷ್ಯರ ಆಸೆ ಎಲ್ಲ ಕಡೆಯೂ ಒಂದೇ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಸೌತ್ ಫೋರ್ಕ್ ಎಂಬ ದೊಡ್ಡ ಮಣ್ಣಿನ ಅಣೆಕಟ್ಟಿತ್ತು. ಕಾಲುವೆಗೆ ನೀರೊದಗಿಸಲು ಸರ್ಕಾರ ಕಟ್ಟಿಸಿದ್ದು. ಕಾಲುವೆಯನ್ನು ರೈಲು ನುಂಗಿದ ಮೇಲೆ ಖಾಸಗಿಯವರ ಕೈಸೇರಿತು. ನಡುವಿನ ಮಾಲೀಕನೊಬ್ಬ ಏರಿಯ ತಳದಲ್ಲಿದ್ದ ಕಬ್ಬಿಣದ ತೂಬಿನ ಕೊಳವೆಗಳನ್ನು ಕಿತ್ತು ಗುಜರಿಗೆ ಮಾರಿದ. 1879ರಲ್ಲಿ ಕೊಂಡವರು ಪಿಟ್ಸ್‌ಬರ್ಗಿನ ಸಿರಿವಂತರ ಮೀನುಗಾರಿಕೆ ಕ್ಲಬ್ಬಿನವರು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯೂ ಅದರ ಸದಸ್ಯ. ಸಾರೋಟು ಓಡಾಡಲು ಸಾಲದೆಂದು ಏರಿಯ ನೆತ್ತಿಯನ್ನು ತಗ್ಗಿಸಿ ಅಗಲ ಮಾಡಿದರು. ದುಡ್ಡು ಕೊಟ್ಟು ತಂದು ಬಿಟ್ಟ ಮೀನು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಕಬ್ಬಿಣದ ಜಾಲರಿ ಕೂರಿಸಿದರು. 1889ರ ಮೇ 31ರಂದು ಮಳೆಯ ಜೊತೆ ಬಂದ ಕಸಕಡ್ಡಿ ಜಾಲರಿಗೆ ಕಟ್ಟಿಕೊಂಡಿತು, ತೂಬು ಮೊದಲೇ ಇರಲಿಲ್ಲ, ನೀರು ತಗ್ಗಿದ ನೆತ್ತಿಯ ಮೇಲೆ ಹಾರಿತು. ಕೆಳಗಿನ ಜಾನ್ಸ್‌ಟೌನ್ ಪಟ್ಟಣದಲ್ಲಿ ಸತ್ತವರು 2,209 ಮಂದಿ.

ಇದನ್ನು ಓದುವಾಗ ನನಗೆ ಕಣ್ಣಮುಂದೆ ಬರುವುದು ಕಾರ್ನೆಗಿಯಲ್ಲ, ನಮ್ಮ ಕೆರೆಗಳ ಕೋಡಿಗೆ ಕಟ್ಟುವ ಮೀನಿನ ಬಲೆ. ಕಾಟ್ಲಾ, ರೋಹು ಮರಿ ಬಿಟ್ಟವರು ಆಗಸ್ಟಿನಲ್ಲಿ ಕೋಡಿಗೆ ಬಲೆ ಬಿಗಿಯುತ್ತಾರೆ. ನೀರು ಇನ್ನೊಂದಡಿ ನಿಲ್ಲಲಿ ಎಂದು ಸೆಪ್ಟೆಂಬರಿನಲ್ಲಿ ಮರಳುಚೀಲ ಪೇರಿಸುತ್ತಾರೆ. ಜೀಪು ದಾಟಲೆಂದು ಡಿಸೆಂಬರಿನಲ್ಲಿ ಕೋಡಿಗೆ ಮಣ್ಣು ತುಂಬುತ್ತಾರೆ. ಒಂದೊಂದನ್ನೇ ಕೇಳಿದರೆ ಎಲ್ಲವೂ ನ್ಯಾಯವೇ. ಜೂನಿನಲ್ಲಿ ಅವನ್ನೆಲ್ಲ ತೆಗೆಯಬೇಕೆಂದು ನೆನಪಿರುವ ಮೇಸ್ತ್ರಿ ಅಷ್ಟರಲ್ಲಿ ಬೇರೆ ತೋಟಕ್ಕೆ ಹೋಗಿರುತ್ತಾನೆ.

ಹವಾಯಿಯ ಕೌವಾಯಿ ದ್ವೀಪದ ಕಾಲೋಕೊ ಕಥೆಯಂತೂ ಮಲೆನಾಡಿಗೆ ಇನ್ನೂ ಹತ್ತಿರದ್ದು. 1890ರ ಸುಮಾರಿಗೆ ಕಬ್ಬಿನ ತೋಟದವರು ಕಟ್ಟಿದ ಮಣ್ಣಿನ ಏರಿ. ಸಕ್ಕರೆ ಕಂಪನಿ ಇರುವಷ್ಟು ಕಾಲ ನೀರಿನ ಮೇಲೆ ನಿಗಾ ಇಡುವ ಆಳುಗಳಿದ್ದರು, ಏಕೆಂದರೆ ನೀರೇ ಅವರ ಬೆಳೆ. 1971ರಲ್ಲಿ ಕಂಪನಿ ಮುಚ್ಚಿತು, ಕಾಲಕ್ರಮದಲ್ಲಿ ಜಾಗ ಮಾರಾಟವಾಯಿತು. ಹೊಸ ಮಾಲೀಕರಿಗೆ ಅದು ನೀರಾವರಿಯಾಗಿ ಉಳಿಯಲಿಲ್ಲ, ನೋಟವಾಯಿತು. ಸರೋವರ ಕಾಣುವ ನಿವೇಶನಕ್ಕೆ ಬೆಲೆ ಹೆಚ್ಚು. 2006ರ ಮಾರ್ಚ್ 14ರ ನಸುಕಿನಲ್ಲಿ, ವಾರಗಟ್ಟಲೆ ಮಳೆಯ ನಂತರ ಏರಿ ಒಡೆದು ಏಳು ಮಂದಿ ಕೊಚ್ಚಿಹೋದರು, ಅವರಲ್ಲೊಬ್ಬಳು ಗರ್ಭಿಣಿ. ತನಿಖೆ ಮಾಡಿದವರಿಗೆ ಇರಬೇಕಾದ ಜಾಗದಲ್ಲಿ ಕೋಡಿ ಕಾಣಲಿಲ್ಲ. ಅದನ್ನು ಮಣ್ಣು ಹಾಕಿ ಮುಚ್ಚಲಾಗಿತ್ತು ಎಂಬುದು ಅವರ ತೀರ್ಮಾನ. ಸರ್ಕಾರದ ಕಡತದಲ್ಲಿ ಆ ಕಟ್ಟೆ 'ಕಡಿಮೆ ಅಪಾಯದ್ದು' ಎಂದು ದಾಖಲಾಗಿತ್ತು, ಅಧಿಕಾರಿಗಳು ಅದನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಮಾಲೀಕನಿಗೆ 2014ರಲ್ಲಿ ಏಳು ತಿಂಗಳ ಜೈಲಾಯಿತು.

ತೋಟ ಮಾರಿ ಹೋಂಸ್ಟೇ, ರೆಸಾರ್ಟ್ ಆಗುವ ನಮ್ಮ ಕಡೆಯಲ್ಲಿ ಇದೇ ಬದಲಾವಣೆ ಕಣ್ಣೆದುರಿಗೇ ನಡೆದಿದೆ. ಬೆಳೆಗಾರನಿಗೆ ಮಾರ್ಚಿಯಲ್ಲಿ ಕೆರೆ ಖಾಲಿಯಾದರೂ ಪರವಾಗಿಲ್ಲ. ರೆಸಾರ್ಟಿನವನಿಗೆ ಅದು ಹನ್ನೆರಡು ತಿಂಗಳೂ ತುಂಬಿರಬೇಕು, ಏರಿಯ ಮೇಲೆ ದೀಪದ ಕಂಬವಿರಬೇಕು, ಅಂಚಿಗೆ ಕಾಟೇಜು ಬರಬೇಕು. ಕ್ರಯಪತ್ರದಲ್ಲಿ ಸರ್ವೆ ನಂಬರು, ಚಕ್ಕುಬಂದಿ, ಮರಗಳ ಲೆಕ್ಕ ಎಲ್ಲ ಇರುತ್ತದೆ. ಏರಿಯ ಒಳಗೆ ಯಾವ ವರ್ಷ, ಎಷ್ಟು ಆಳದಲ್ಲಿ ಪೈಪು ಹೂತಿದ್ದಾರೆ ಎಂಬುದು ಇರುವುದಿಲ್ಲ.

ಆ ಪೈಪಿನದೇ ಒಂದು ಅಧ್ಯಾಯ. ಕಟ್ಟಿದ ಏರಿಯನ್ನು ಆಮೇಲೆ ಸೀಳಿ ಪೈಪು ಹಾಯಿಸಿ ಮಣ್ಣು ಮುಚ್ಚಿದರೆ, ಹಳೇ ಮಣ್ಣಿಗೂ ಹೊಸ ಮಣ್ಣಿಗೂ ಬೆಸುಗೆಯಾಗುವುದಿಲ್ಲ. ಪೈಪಿನ ಅಡಿಭಾಗಕ್ಕಂತೂ ದಮ್ಮಸ್ಸು ತಲುಪುವುದೇ ಇಲ್ಲ. ನೀರಿಗೆ ಅಷ್ಟು ಸಾಕು, ಪೈಪಿನ ಹೊರಮೈ ಹಿಡಿದು ಹರಿಯುತ್ತದೆ. 2019ರ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿದಾಗ, ಪೈಪು ಹಾಕಲು ಏರಿ ಅಗೆದದ್ದೇ ಕಾರಣವೆಂದು ವರದಿಯಾಯಿತು. ಅಗೆದವರು ಯಾರೆಂಬುದಕ್ಕೆ ಇಲಾಖೆಗಳು ಒಂದರ ಮೇಲೊಂದು ಬೆರಳು ತೋರಿಸಿದವು. ಅದು ಸಾರ್ವಜನಿಕ ಕೆರೆ, ಊರೆಲ್ಲ ನೋಡುತ್ತಿದ್ದ ಜಾಗ. ಗೇಟು ಹಾಕಿದ ತೋಟದೊಳಗೆ ಅಗೆದರೆ ನೋಡುವವರಾರು?

ಕಾಫಿ ತೋಟದ ಕೆರೆಗೆ ತನ್ನದೇ ಆದ ಇನ್ನೊಂದು ಕಷ್ಟವಿದೆ. ಪುಸ್ತಕದ ಎಚ್ಚರಿಕೆಗಳಲ್ಲಿ ಅದು ಸುಲಭಕ್ಕೆ ಕಾಣುವುದಿಲ್ಲ. ಊರಕೆರೆಯ ನೀರು ತೂಬಿನಿಂದ ನಿಧಾನವಾಗಿ ಇಳಿಯುತ್ತದೆ. ತೋಟದ ಕೆರೆಯನ್ನು ಹೂಮಳೆಯ ಹೊತ್ತಿಗೆ ಹಗಲು ರಾತ್ರಿ ಪಂಪು ಓಡಿಸಿ ಹತ್ತು ಹದಿನೈದು ದಿನದಲ್ಲಿ ತಳ ಕಾಣಿಸುತ್ತಾರೆ. ಏರಿಯ ಒಳಮೈ ಇನ್ನೂ ನೀರು ಹೀರಿಕೊಂಡು ಭಾರವಾಗಿರುತ್ತದೆ, ಅದಕ್ಕೆ ಒತ್ತುಕೊಟ್ಟು ನಿಂತಿದ್ದ ಕೆರೆಯ ನೀರು ಮಾತ್ರ ಹೋಗಿಬಿಟ್ಟಿರುತ್ತದೆ. ಒಳಮೈ ಕೆರೆಯೊಳಕ್ಕೆ ಜಾರುವುದು ಆಗಲೇ. ಆಮೇಲೆ ಏಪ್ರಿಲ್ ಬಿಸಿಲು. ಜೇಡಿಮಣ್ಣು ಒಣಗಿ ಬಿರಿಯುತ್ತದೆ, ಬಿರುಕು ಕೆಲವೊಮ್ಮೆ ಕೈ ತೂರುವಷ್ಟಿರುತ್ತದೆ. ಜೂನಿನಲ್ಲಿ ಅದೇ ಬಿರುಕಿಗೆ ಒಮ್ಮೆಲೇ ಮಳೆ. ಹೊಸದಾಗಿ ಕಟ್ಟಿದ ಏರಿಗೆ ಮೊದಲ ಸಲ ತುಂಬುವುದೇ ದೊಡ್ಡ ಪರೀಕ್ಷೆ. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಕಾರಮ್ ಅಣೆಕಟ್ಟು 2022ರ ಆಗಸ್ಟಿನಲ್ಲಿ ಇನ್ನೂ ಕಟ್ಟಿ ಮುಗಿಯುವ ಮೊದಲೇ ಸೋರಲಾರಂಭಿಸಿ, ಹಳ್ಳಿಗಳನ್ನು ಖಾಲಿ ಮಾಡಿಸಿ, ಪಕ್ಕದಲ್ಲಿ ಕಾಲುವೆ ಕಡಿದು ನೀರು ಬಿಡಬೇಕಾಯಿತು. ವರ್ಷಕ್ಕೊಮ್ಮೆ ಪೂರ್ತಿ ಬರಿದಾಗಿ ಪೂರ್ತಿ ತುಂಬುವ ತೋಟದ ಕೆರೆ ಹೆಚ್ಚುಕಡಿಮೆ ಅದೇ ಪರೀಕ್ಷೆಯನ್ನು ಪ್ರತಿ ಮಳೆಗಾಲದಲ್ಲೂ ಬರೆಯುತ್ತದೆ.

ಮರಗಳ ಬಗ್ಗೆ ಬೆಳೆಗಾರರ ಜೊತೆ ವಾದ ಮಾಡುವುದು ಕಷ್ಟ. ಖಾಲಿ ನೆಲ ಕಂಡರೆ ಸಿಲ್ವರ್ ಓಕ್ ನೆಟ್ಟು ಮೆಣಸು ಹಬ್ಬಿಸುವ ಕೈ ಅದು. ಬೇರು ಏರಿಯನ್ನು ಹಿಡಿದುಕೊಳ್ಳುತ್ತದೆ ಎಂಬ ನಂಬಿಕೆಯೂ ಇದೆ. ಹುಲ್ಲಿನ ಬೇರಿಗೆ ಆ ಮಾತು ನಿಜ, ಮರದ ಬೇರಿಗೆ ಅಲ್ಲ. ಜುಲೈ ಗಾಳಿಗೆ ಬುಡಸಮೇತ ಉರುಳಿದ ಮರ ಏರಿಯ ಒಂದು ತುಂಡನ್ನೇ ಎತ್ತಿಕೊಂಡು ಬೀಳುತ್ತದೆ. ಕಡಿದುಬಿಟ್ಟರೂ ಪೂರ್ತಿ ಕ್ಷೇಮವಲ್ಲ, ಒಳಗೆ ಕೊಳೆತ ಬೇರು ಹತ್ತು ವರ್ಷದ ಮೇಲೆ ಕೊಳವೆಯಾಗುತ್ತದೆ. ಸಸಿಯಿರುವಾಗಲೇ ಕಿತ್ತುಹಾಕುವುದೊಂದೇ ಸುಲಭದ ದಾರಿ.

ಇನ್ನು ಏಡಿ. 2019ರ ಜುಲೈನಲ್ಲಿ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದು ಇಪ್ಪತ್ತರ ಆಸುಪಾಸು ಜನ ಕೊಚ್ಚಿಹೋದಾಗ ಮಹಾರಾಷ್ಟ್ರದ ಆಗಿನ ಜಲಸಂರಕ್ಷಣಾ ಸಚಿವರು ಏಡಿಗಳೇ ಕಾರಣ ಎಂದರು. ದೇಶವೆಲ್ಲ ನಕ್ಕಿತು, ನಗುವ ಮಾತೇ ಆಗಿತ್ತು. ಆದರೆ ಏಡಿ, ಹೆಗ್ಗಣ, ಮುಳ್ಳುಹಂದಿ, ಗೆದ್ದಲು ಇವೆಲ್ಲ ಏರಿಯನ್ನು ಕೊರೆಯುವುದು ಸುಳ್ಳಲ್ಲ. ಕೊಡಗಿನ ತೋಟಗಳಲ್ಲಿ ನೀರಿಗಿಳಿಯುವ ಆನೆಗಳು ಏರಿಯ ಅಂಚನ್ನೇ ಮೆಟ್ಟಿ ಇಳಿಸುತ್ತವೆ. ಏಡಿಗೆ ತೋಡುವುದೇ ಬದುಕು. ಅದು ತೋಡಿದ್ದನ್ನು ಮುಚ್ಚದೆ ಬಿಟ್ಟವರದು ತಪ್ಪು. ತಿವರೆಯಲ್ಲಿ ಸೋರಿಕೆಯ ಬಗ್ಗೆ ಊರವರು ಮೊದಲೇ ದೂರಿದ್ದರು.

ಕಾನೂನಿನ ಕಣ್ಣಿಗೆ ಇದೆಲ್ಲ ಬೀಳುತ್ತದೆಯೇ? 2021ರ ಡಿಸೆಂಬರ್ 30ರಿಂದ ಅಣೆಕಟ್ಟು ಸುರಕ್ಷತಾ ಕಾಯ್ದೆ ಜಾರಿಯಲ್ಲಿದೆ. ಖಾಸಗಿ ಮಾಲೀಕರನ್ನೂ ಅದು ಬಿಡುವುದಿಲ್ಲ. ಮಳೆಗಾಲದ ಮುಂಚೆ ಮತ್ತು ನಂತರ ತಪಾಸಣೆ, ತುರ್ತು ಕ್ರಿಯಾಯೋಜನೆ, ತಪ್ಪಿದರೆ ಜೈಲು, ಎಲ್ಲವೂ ಉಂಟು. ಆದರೆ ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಅಣೆಕಟ್ಟಿಗೆ. 10ರಿಂದ 15 ಮೀಟರ್ ನಡುವಿನದಾದರೆ ಏರಿಯ ಉದ್ದ 500 ಮೀಟರ್, ಇಲ್ಲವೇ ನೀರಿನ ಸಂಗ್ರಹ ಹತ್ತು ಲಕ್ಷ ಘನ ಮೀಟರ್ ಮುಂತಾದ ಷರತ್ತುಗಳಲ್ಲಿ ಒಂದಾದರೂ ಕೂಡಿಬರಬೇಕು. ನಮ್ಮ ಒಂದು ಎಕರೆಯ ಕೆರೆ ಐದಾರು ಮೀಟರ್ ಎತ್ತರದ್ದು, ಹಿಡಿಯುವುದು 12,500 ಘನ ಮೀಟರ್. ಕಾಯ್ದೆಯ ಗೆರೆಗೂ ಅದಕ್ಕೂ ಎಂಬತ್ತು ಪಟ್ಟು ಅಂತರ.

ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಇದೇ ಕೆರೆಯಿದ್ದಿದ್ದರೆ ನೋಂದಣಿ ಮಾಡಿಸಲೇಬೇಕಿತ್ತು, ಅಲ್ಲಿನ ಗೆರೆ 10,000 ಘನ ಮೀಟರ್. ಅಲ್ಲಿ ಇಂಥ ಕಾನೂನು ಹುಟ್ಟಿದ್ದರ ಹಿಂದೆ ಒಂದು ಸಾವಿನ ಕಥೆಯಿದೆ: 1925ರಲ್ಲಿ ವೇಲ್ಸ್‌ನ ಡೋಲ್ಗಾರೋಗ್ ಹಳ್ಳಿಯ ಮೇಲಿದ್ದ ಖಾಸಗಿ ಕಂಪನಿಯ ಕಟ್ಟೆಗಳು ಒಂದರ ಹಿಂದೊಂದು ಹೋಗಿ 16 ಜನ ಸತ್ತರು, ಬ್ರಿಟನ್ನಿನ ಮೊದಲ ಜಲಾಶಯ ಸುರಕ್ಷತಾ ಕಾನೂನು 1930ರಲ್ಲಿ ಬಂದದ್ದು ಅದರಿಂದಲೇ. ನಮ್ಮ ಕಾಯ್ದೆ ಏರಿಯ ಎತ್ತರ ಅಳೆಯುತ್ತದೆ, ಕೆಳಗಿರುವ ಮನೆಗಳನ್ನು ಎಣಿಸುವುದಿಲ್ಲ. ನಿರ್ಜನ ಕಣಿವೆಯ ಹತ್ತು ಮೀಟರ್ ಏರಿಗಿಂತ ಆರು ಲೈನ್‌ಮನೆಗಳ ನೆತ್ತಿಯ ಮೇಲಿನ ಐದು ಮೀಟರ್ ಏರಿ ಅಪಾಯದ್ದು ಎಂಬುದಕ್ಕೆ ತಜ್ಞರ ಸಮಿತಿ ಬೇಕಾಗಿಲ್ಲ.

ಹಾಗೆಂದು ಎಲ್ಲ ಸಣ್ಣ ಕೆರೆಗಳನ್ನೂ ದೊಡ್ಡ ಕಾಯ್ದೆಯೊಳಗೆ ತುರುಕಿದರೆ ಕೆಲಸ ಕೆಡುತ್ತದೆ. 2023ರಲ್ಲಿ ಬಿಡುಗಡೆಯಾದ ದೇಶದ ಮೊದಲ ಜಲಮೂಲ ಗಣತಿ 24,24,540 ಜಲಮೂಲಗಳನ್ನು ಎಣಿಸಿತು, ಅದರಲ್ಲಿ ನೂರಕ್ಕೆ 55 ಖಾಸಗಿಯವರದು. ಬಂಗಾಳದ ಮನೆಹಿತ್ತಲಿನ ಕೊಳಗಳೂ ಅದರಲ್ಲಿವೆ. ನೆಲ ಅಗೆದು ಮಾಡಿದ ಕೊಳ ಒಡೆಯುವುದಿಲ್ಲ. ನಮ್ಮ ಬಯಲುಸೀಮೆಯ ಕೃಷಿಹೊಂಡವೂ ಬಹುಮಟ್ಟಿಗೆ ಹಾಗೆಯೇ, ಅಲ್ಲಿರುವುದು ಮಕ್ಕಳು ಜಾರಿಬೀಳುವ ಬೇರೆ ಅಪಾಯ. ಕೊಲ್ಲಿಗೆ ಅಡ್ಡಕಟ್ಟಿದ, ಕೆಳಗೆ ಜನವಿರುವ ಏರಿಗಳನ್ನು ಮಾತ್ರ ಸೋಸಿ ತೆಗೆದರೆ ಪಟ್ಟಿ ಚಿಕ್ಕದಾಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಒಂದು ಪುಸ್ತಕ, ಮೇ ತಿಂಗಳಲ್ಲಿ ಸಣ್ಣ ನೀರಾವರಿ ಇಲಾಖೆಯ ಎಂಜಿನಿಯರ್ ಒಬ್ಬರ ಒಂದು ಸುತ್ತು: ಇಷ್ಟರಿಂದ ಶುರುಮಾಡಬಹುದು. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಲಿನ ಗುಡ್ಡಗಳು ಕುಸಿದ ಮೇಲೆ ನಾವು ಇಳಿಜಾರನ್ನು ನೋಡುವ ರೀತಿ ಬದಲಾಯಿತು. ಅದೇ ಇಳಿಜಾರಿನ ನಡುವೆ ನಾವೇ ನಿಲ್ಲಿಸಿದ ನೀರಿನ ಬಗ್ಗೆ ಅಷ್ಟು ಮಾತು ಹೊರಡಲಿಲ್ಲ.

ಏರಿ ಒಡೆದು ಪಕ್ಕದವರ ಸೊತ್ತು ಹಾಳಾದರೆ ಯಾರು ತೆರಬೇಕು ಎಂಬುದಕ್ಕೆ ನಮ್ಮಲ್ಲಿ ನೂರೈವತ್ತು ವರ್ಷ ಹಳೆಯ ತೀರ್ಪಿದೆ. ಈಗಿನ ಆಂಧ್ರದ ಕಾರ್ವೇಟಿನಗರದ ಜಮೀನ್ದಾರನ ಕೆರೆಗಳು ಮಳೆಗೆ ಒಡೆದು ಮದರಾಸು ರೈಲ್ವೆಯ ಸೇತುವೆಗಳು ಹೋದವು; ಕಂಪನಿ ಪರಿಹಾರ ಕೇಳಿ ಆಗಿನ ಕೊನೆಯ ಮೇಲ್ಮನವಿ ನ್ಯಾಯಪೀಠವಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು. 1874ರಲ್ಲಿ ಬಂದ ತೀರ್ಪು ಜಮೀನ್ದಾರನ ಪರ. ಆ ಕೆರೆಗಳು ಅವನ ಖಾಸಗಿ ಲಾಭಕ್ಕೆ ಮಾಡಿಕೊಂಡವಲ್ಲ, ಪ್ರಾಚೀನ ಕಾಲದಿಂದ ಪ್ರಜೆಗಳ ಬೇಸಾಯಕ್ಕಾಗಿ ಇರುವವು, ಅವನ್ನು ಕಾಪಾಡಿಕೊಂಡು ಬರುವುದು ಅವನ ಕರ್ತವ್ಯ, ಅಲಕ್ಷ್ಯ ತೋರಿಸಿದ್ದಾನೆಂದು ಸಾಬೀತಾಗದೆ ಅವನು ಹೊಣೆಯಲ್ಲ ಎಂಬುದು ಅದರ ಸಾರ. ತೋಟದ ಕೆರೆಯ ಮಾಲೀಕರು ಈ ತೀರ್ಪನ್ನು ತಮ್ಮ ರಕ್ಷಣೆಗೆ ಹಿಡಿಯಹೋದರೆ, ನನ್ನ ಅನಿಸಿಕೆಯಲ್ಲಿ, ಅದು ಕೈಕೊಡುತ್ತದೆ. ಅವರ ಕೆರೆ ಪ್ರಾಚೀನವೂ ಅಲ್ಲ, ಪ್ರಜೆಗಳಿಗಾಗಿಯೂ ಅಲ್ಲ. ಉಳಿಯುವುದು ಅಲಕ್ಷ್ಯದ ಪ್ರಶ್ನೆ. ನೋಡಿಕೊಂಡಿದ್ದೆ ಎಂದು ತೋರಿಸಲು ಅವರ ಬಳಿ ಏನಿದೆ? ಹುಲ್ಲು ಹೆರೆಸಿದ ದಿನ, ಬಿಲ ಮುಚ್ಚಿಸಿದ ದಿನ, ಕೋಡಿ ಬಿಡಿಸಿದ ದಿನ ಬರೆದಿಟ್ಟ ಒಂದು ನೋಟ್‌ಬುಕ್ ಕೂಡ ಹೆಚ್ಚಿನ ಕಡೆ ಇಲ್ಲ. ಕಾಫಿ ಕೊಯ್ದ ಲೆಕ್ಕವನ್ನು ತೋಟದ ಗುಮಾಸ್ತ, ಅಂದರೆ ರೈಟರ್, ದಿನಾ ಬರೆಯುತ್ತಾನೆ.

ಹಣದ ವಿಚಾರಕ್ಕೆ ಬಂದರೆ ನಮ್ಮ ಹಿರಿಯರು ಇದನ್ನು ಬೇರೆ ಬಗೆಯಲ್ಲಿ ಯೋಚಿಸಿದ್ದರು. ಕೆರೆ ಕಟ್ಟಿದವನಿಗೋ ಒಡೆದದ್ದನ್ನು ದುರಸ್ತಿ ಮಾಡಿದವನಿಗೋ ಅದರ ಕೆಳಗಿನ ಜಮೀನಿನಲ್ಲಿ ಪಾಲು ಬಿಟ್ಟುಕೊಡುವ ದಶವಂದ, ಬಿತ್ತುವಟ್ಟಗಳು ಶಾಸನಗಳ ತುಂಬ ಸಿಗುತ್ತವೆ. ಹಳೇ ಮೈಸೂರಿನ ಕಟ್ಟುಕೊಡಗಿ ಇನಾಮಿನಲ್ಲಿ ಕೆರೆಯನ್ನು ಸುಸ್ಥಿತಿಯಲ್ಲಿ ಇಡುವುದೇ ಷರತ್ತು. ಏರಿಗೆ ಮಣ್ಣು ಹೊರುವ, ಹೂಳು ಸಾಗಿಸುವ ಬಂಡಿಗೆಂದೇ ದತ್ತಿ ಬಿಟ್ಟವರಿದ್ದರು. ಇವತ್ತು ಕಾಫಿ ಮಂಡಳಿ ಕೆರೆ, ಬಾವಿ, ಸ್ಪ್ರಿಂಕ್ಲರಿಗೆ ಸಹಾಯಧನ ಕೊಡುತ್ತಾ ಬಂದಿದೆ, ಕೃಷಿಹೊಂಡಕ್ಕೆ ಸರ್ಕಾರ ಕೊಡುತ್ತದೆ. ಇವೆಲ್ಲ ಬಹುತೇಕ ಕೆರೆ ಹುಟ್ಟುವಾಗಿನ ಉಡುಗೊರೆಗಳು. ಸಹಾಯಧನದ ಒಂದು ಪಾಲನ್ನು ತಡೆಹಿಡಿದು, ಮೂರು ಮಳೆಗಾಲ ದಾಟಿದ ಮೇಲೆ ಏರಿಯ ಮಟ್ಟ, ಕೋಡಿಯ ಅಗಲ ಪರೀಕ್ಷಿಸಿ ಕೊಟ್ಟರೆ ಏನಾದೀತು? ಬೆಳೆಗಾರರು ಗೊಣಗುತ್ತಾರೆ, ನನಗೆ ಗೊತ್ತು.

ಅದಕ್ಕಾಗಿ ಕಾದು ಕೂರದೆ ಮಾಡಬಹುದಾದ ಕೆಲಸಗಳೂ ಇವೆ, ದುಬಾರಿಯೂ ಅಲ್ಲ. ಗಾರೆ ಮೇಸ್ತ್ರಿಯ ಲೆವೆಲ್ ಪೈಪು ಹಿಡಿದರೆ ಏರಿಯ ನೆತ್ತಿ ಎಲ್ಲಿ ತಗ್ಗಿದೆ ಎಂದು ಒಂದು ಬೆಳಗ್ಗೆಯಲ್ಲಿ ತಿಳಿಯುತ್ತದೆ. ಕೋಡಿಯನ್ನು ಸುರಿದ ಮಣ್ಣಿನ ಮೇಲಲ್ಲ, ಪಕ್ಕದ ಗಟ್ಟಿ ನೆಲದಲ್ಲಿ ಕಡಿದು ಕಲ್ಲು ಹಾಸಬೇಕು. ನೀರು ಕೋಡಿಯಲ್ಲಿ ತುಂಬಿ ಹರಿಯುವಾಗಲೂ ಏರಿ ಅದಕ್ಕಿಂತ ಎರಡು ಮೂರು ಅಡಿ ಮೇಲಿರಬೇಕು. ಪಂಪು ಓಡಿಸುವುದನ್ನು ನಾಲ್ಕಾರು ದಿನ ಹೆಚ್ಚಿಗೆ ಎಳೆದರೆ ಒಳಮೈ ಜಾರುವುದು ಕಡಿಮೆಯಾಗುತ್ತದೆ. ಬಿರುಕನ್ನು ಮೇಲಿನಿಂದ ಮಣ್ಣೆಳೆದು ಮುಚ್ಚಿದರೆ ಸಾಲದು, ಅಗೆದು ದಮ್ಮಸ್ಸು ಮಾಡಬೇಕು. ಜಿನುಗು ಕೆಂಪಾದರೆ ಆ ಜಾಗಕ್ಕೆ ಮಣ್ಣು ಮೆತ್ತಿ ಬಾಯಿಮುಚ್ಚಬಾರದು, ನೀರು ಬೇರೆಡೆ ಬಾಯಿ ಹುಡುಕುತ್ತದೆ. ಮೊದಲು ಮರಳು, ಅದರ ಮೇಲೆ ಜಲ್ಲಿ ಹಾಸಿ ನೀರನ್ನು ಬಿಟ್ಟು ಮಣ್ಣನ್ನು ತಡೆಯಬೇಕು. ಕೆರೆಯ ಮಟ್ಟ ಇಳಿಸಬೇಕು. ಕೆಳಗಿನವರನ್ನು ಎಬ್ಬಿಸಬೇಕು.

ಎಬ್ಬಿಸುವ ಮಾತು ಬಂದಾಗ ಒಂದು ತಮಾಷೆ ಗಮನಕ್ಕೆ ಬರುತ್ತದೆ. ಏರಿಯ ಬುಡದಲ್ಲಿ ನೀರಿನ ಬಣ್ಣ ಬದಲಾದದ್ದು ಮೊದಲು ಕಾಣುವುದು ಧಣಿಗಲ್ಲ, ಎಂಜಿನಿಯರಿಗಲ್ಲ. ಲೈನ್‌ಮನೆಯಿಂದ ಬಟ್ಟೆ ಒಗೆಯಲು ಬರುವ ಹೆಂಗಸಿಗೆ. ಹೆಚ್ಚಿನ ಸಲ ಆಕೆ ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ಬಂದವಳು, ಆ ಕಣಿವೆಯಲ್ಲಿ ಅದು ಅವಳ ಮೊದಲ ಮಳೆಗಾಲ. ಕೆಂಪುನೀರು ಕಂಡರೆ ಯಾರಿಗೆ, ಯಾವ ಭಾಷೆಯಲ್ಲಿ ಹೇಳಬೇಕೆಂದು ಅವಳಿಗೆ ಯಾರೂ ತಿಳಿಸಿಲ್ಲ. ಲೈನ್‌ಮನೆಯ ಗೋಡೆಯ ಮೇಲೆ ಅವಳು ಓದಬಲ್ಲ ಲಿಪಿಯಲ್ಲಿ ಒಂದು ಫೋನ್ ನಂಬರು, ರಾತ್ರಿ ಓಡಬೇಕಾದರೆ ಯಾವ ಕಡೆಯ ಗುಡ್ಡ ಎಂದು ತೋರಿಸುವ ಒಂದು ಬಾಣದ ಗುರುತು: ಇದಕ್ಕೆ ಬೇಕಾದ್ದು ಅರ್ಧ ಡಬ್ಬಿ ಪೇಂಟು.